ಎಂಜಿನ್ ಸೀಜ್ ಆದ ಕಳೆ ಮಷಿನ್: ರಿಪೇರಿಗೆ ಹಾಕಿದ ದುಡ್ಡು ದಂಡವಾಯಿತಾ?

ನಮ್ಮದು ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ ತೋಟ. ಹೆಗಲಿಗೆ ನೇತುಹಾಕಿಕೊಂಡು ಹೊಡೆಯುವ ಟೂ ಸ್ಟ್ರೋಕ್ ಕಳೆ ಮಷಿನ್ 2018ರಲ್ಲಿ ತಗೊಂಡಿದ್ದೆ. ವರ್ಷಕ್ಕೆ ಎರಡು ಸಲ ಕೆಲಸ. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಒಮ್ಮೆ, ಅಡಿಕೆ ಗೊನೆ ಕೊಯ್ಲಿಗೆ ಮೊದಲು ಇನ್ನೊಮ್ಮೆ.

2024ರ ಸೆಪ್ಟೆಂಬರ್‌ನಲ್ಲಿ ಅದು ತೋಟದ ನಡುವೆಯೇ ನಿಂತುಬಿಟ್ಟಿತು. ಹಗ್ಗ ಎಳೆದರೆ ಜಪ್ಪಯ್ಯ ಅನ್ನಲಿಲ್ಲ. ತಪ್ಪು ಮಷಿನ್‌ದಲ್ಲ, ನನ್ನದೇ. ಕೊಟ್ಟಿಗೆಯಲ್ಲಿ ಒಂದೇ ಥರದ ಎರಡು ಕ್ಯಾನ್ ಇದ್ದವು. ಒಂದರಲ್ಲಿ ಬೈಕಿಗೆ ಇಟ್ಟ ಬರೀ ಪೆಟ್ರೋಲ್, ಇನ್ನೊಂದರಲ್ಲಿ ಆಯಿಲ್ ಬೆರೆಸಿದ್ದು. ಅವಸರದಲ್ಲಿ ಬೈಕಿನದ್ದನ್ನು ಸುರಿದಿದ್ದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆ ಹೋಗುವ ಆಯಿಲೇ ಪಿಸ್ಟನ್‌ಗೆ ಜಿಡ್ಡು. ಅದಿಲ್ಲದಿದ್ದರೆ ಪಿಸ್ಟನ್ ಕಾದು, ತಾನು ಓಡಾಡುವ ಬ್ಲಾಕಿಗೇ (ಸಿಲಿಂಡರ್) ಕಚ್ಚಿಕೊಳ್ಳುತ್ತದೆ. ಸೀಜ್ ಅನ್ನುವುದು ಇದಕ್ಕೇ.

ಮೆಕ್ಯಾನಿಕ್ ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ತೋರಿಸಿದರು. ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು. ಬ್ಲಾಕ್, ಪಿಸ್ಟನ್, ರಿಂಗ್, ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ 3,800 ರೂಪಾಯಿ ಅಂದರು. ಅದೇ ಥರದ ಹೊಸದಕ್ಕೆ ಅಂಗಡಿಯಲ್ಲಿ 13,500. ಆನ್‌ಲೈನ್‌ನಲ್ಲಿ 7,000ಕ್ಕೂ ಇತ್ತು. ಆಸೆ ಆಗದೆ ಇರುತ್ತದಾ?

ಆದರೆ ಪಕ್ಕದ ಮನೆಯವರು ಅಂಥದ್ದೊಂದು ತರಿಸಿ, ಎರಡನೇ ವರ್ಷ ಬ್ಲೇಡ್ ತಿರುಗಿಸುವ ಗೇರ್ ಹೆಡ್ ಮುರಿದು, ಅದಕ್ಕೆ ಹೊಂದುವ ಸ್ಪೇರ್ ಎಲ್ಲೂ ಸಿಗದೆ ಅಟ್ಟಕ್ಕೆ ಹಾಕಿದ್ದಾರೆ. ನನ್ನದರ ಸ್ಪೇರ್ ಪೇಟೆಯ ಮೂರು ಅಂಗಡಿಯಲ್ಲಿ ಸಿಗುತ್ತದೆ. ನನಗೆ ಮಷಿನ್‌ನ ವಯಸ್ಸಿಗಿಂತ ಅದೇ ಮುಖ್ಯ ಅನ್ನಿಸಿತು.

ಮೆಕ್ಯಾನಿಕ್ ಇನ್ನೊಂದು ಮಾತು ಹೇಳಿದರು. "ಬ್ಲಾಕ್ ತೆಗೆದ ಮೇಲೆ ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡ್ತೀನಿ. ಲೂಸ್ ಇದ್ರೆ ಬೇರಿಂಗ್ ಹೋಗಿದೆ ಅಂತ. ಆಮೇಲೆ ಇದಕ್ಕೆ ದುಡ್ಡು ಸುರಿಯೋದು ಬೇಡ ಮಾರಾಯ್ರೆ." ಬಿಚ್ಚಿದರು. ರಾಡ್ ಗಟ್ಟಿಯಾಗಿತ್ತು. ಮಾಡಿ ಅಂದೆ.

ಅದಾಗಿ ಒಂದು ವರ್ಷದ ಮೇಲಾಯಿತು. ಮೊದಲ ಎರಡು ಟ್ಯಾಂಕ್ ಜಾಸ್ತಿ ರೇಸ್ ಕೊಡದೆ ಹೊಡೆದೆ. ಈಗ ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ನಡುಗುವುದು ಮಾತ್ರ ಹಾಗೇ ಇದೆ. ಸಂಜೆ ಕಾಫಿ ಲೋಟ ಹಿಡಿದರೂ ಕೈ ಜುಂ ಅನ್ನುತ್ತದೆ.

ಇದಕ್ಕೂ ಮೊದಲು, ಮೂರನೇ ವರ್ಷ, ಕಾರ್ಬ್ಯುರೇಟರ್ ಕೈಕೊಟ್ಟಿತ್ತು. ಬೇಸಿಗೆಯಿಡೀ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟಿದ್ದೆ. ಒಳಗಿನ ತೆಳು ಪರದೆ (ಡಯಾಫ್ರಮ್) ಗಟ್ಟಿಯಾಗಿತ್ತು. ಅದು ನೂರಿನ್ನೂರರ ಕೆಲಸ, ಯೋಚನೆಯೇ ಬೇಡ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಜಾಸ್ತಿ, ಅದು ತೇವ ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಹವೆಗಂತೂ ಕೇಳುವುದೇ ಬೇಡ. ಹಾಗಾಗಿ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ ಎತ್ತಿಡುತ್ತೇನೆ.

ಮಷಿನ್ ಸಮೇತ ಬಂದು ಹೊಡೆದುಕೊಡುವವರೂ ಇದ್ದಾರೆ, ಸ್ವಂತದ್ದು ಯಾಕೆ ಅಂತ ಮನೆಯಲ್ಲಿ ಕೇಳಿದರು. ಸಣ್ಣ ತೋಟಕ್ಕೆ ಲೆಕ್ಕ ಸರಿಯೇ. ಆದರೆ ಊರಿಗೆಲ್ಲ ಒಂದೇ ವಾರದಲ್ಲಿ ಅವರೇ ಬೇಕು, ಸಿಗಬೇಕಲ್ವಾ?

ಈ ರಿಪೇರಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮುಂದಿನ ಸಲ ಮೆಕ್ಯಾನಿಕ್ ಹೇಳಿದ ಆ ಬೇರಿಂಗ್ ಹೋದರೆ ರಿಪೇರಿ ಮಾಡಿಸುವುದಿಲ್ಲ, ಫೋರ್ ಸ್ಟ್ರೋಕ್ ತಗೋತೀನಿ. ತೂಕ ಸ್ವಲ್ಪ ಜಾಸ್ತಿ, ಆದರೆ ಆಯಿಲ್ ಬೆರೆಸುವ ಗೊಡವೆ ಇಲ್ಲ. ಅಲ್ಲಿಯವರೆಗೆ ಆಯಿಲ್ ಬೆರೆಸಿದ ಕ್ಯಾನಿಗೆ ಕೆಂಪು ಪೇಂಟ್ ಬಳಿದಿಟ್ಟಿದ್ದೇನೆ.