ಯೆಜ್ಡಿ 250: ಅಪ್ಪನ ಬೈಕಿನ ಪುನಶ್ಚೇತನ ಮತ್ತು ನಂತರದ ನಾಲ್ಕು ವರ್ಷ

ಹಳೆಯ ಬೈಕಿನ ದುರಸ್ತಿ ಹೇಗಾಗಿದೆ ಎಂಬುದು ಅದನ್ನು ಮನೆಗೆ ತಂದ ದಿನ ತಿಳಿಯುವುದಿಲ್ಲ. ಎರಡು ಮಳೆಗಾಲ ಕಳೆದು, ಸೀಲು, ಕೇಬಲ್ಲು, ಬಣ್ಣಗಳೆಲ್ಲ ತಮ್ಮ ಗುಣ ತೋರಿಸಿದ ಮೇಲೆ ತಿಳಿಯುತ್ತದೆ. ಆದ್ದರಿಂದಲೇ ಒಂಬತ್ತು ಸಾವಿರ ಕಿಲೋಮೀಟರ್ ಓಡಿಸಿದ ನಂತರ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 1976ರ ಯೆಜ್ಡಿ 250. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಜೆಕೊಸ್ಲೊವಾಕಿಯಾದ ಜಾವಾ ವಿನ್ಯಾಸವನ್ನು ಪಡೆದು 1961ರಿಂದ ಬೈಕುಗಳನ್ನು ತಯಾರಿಸುತ್ತಿದ್ದ ಆ ಕಾರ್ಖಾನೆ 1973ರಲ್ಲಿ ತನ್ನ ಬೈಕುಗಳಿಗೆ ಯೆಜ್ಡಿ ಎಂಬ ಹೆಸರಿಟ್ಟಿತು, 1996ರಲ್ಲಿ ಮುಚ್ಚಿತು. ಅಪ್ಪ ಹುಣಸೂರು ತಾಲ್ಲೂಕಿನಲ್ಲಿ ಪಶುವೈದ್ಯ ಇಲಾಖೆಯ ನೌಕರರಾಗಿದ್ದರು. ಕಾಲುಬಾಯಿ ಜ್ವರದ ಲಸಿಕೆಯ ಐಸ್ ಡಬ್ಬಿಯನ್ನು ಹಿಂದಿನ ಕ್ಯಾರಿಯರ್‌ಗೆ ಬಿಗಿದುಕೊಂಡು, ಬಸ್ಸು ಹೋಗದ ಊರುಗಳಿಗೆಲ್ಲ ಈ ಬೈಕಿನಲ್ಲೇ ಹೋಗಿ ಬರುತ್ತಿದ್ದರು. 2004ರಲ್ಲಿ ಅವರು ನಿವೃತ್ತರಾದ ಮೇಲೆ ಬೈಕು ಕೊಟ್ಟಿಗೆ ಸೇರಿತು. ಅವರು ತೀರಿಕೊಂಡ ಎರಡು ವರ್ಷಗಳ ನಂತರ, 2021ರಲ್ಲಿ, ನಾನು ಅದನ್ನು ಹೊರಗೆ ತೆಗೆದಾಗ ಪಿಸ್ಟನ್ ಅಂಟಿಕೊಂಡು ಕಿಕ್ಕರ್ ಕದಲುತ್ತಿರಲಿಲ್ಲ. ಟ್ಯಾಂಕಿನೊಳಗೆ ತುಕ್ಕು ಹಪ್ಪಳದಂತೆ ಎದ್ದಿತ್ತು.

ಕೆಲಸಕ್ಕೆ ಕೈಹಾಕುವ ಮೊದಲು ನಾನು ಒಂದು ನಿರ್ಧಾರ ಮಾಡಿಕೊಂಡೆ. ಯಂತ್ರದ ಒಳಗಿನದನ್ನೆಲ್ಲ ಹೊಸದರಂತೆ ಮಾಡಿಸಬೇಕು, ಹೊರಗಿನದರಲ್ಲಿ ಅಪ್ಪನ ಬಳಕೆಯ ಗುರುತುಗಳನ್ನು ಸಾಧ್ಯವಾದಷ್ಟೂ ಉಳಿಸಿಕೊಳ್ಳಬೇಕು. ಕುಟುಂಬದ ವಾಹನವನ್ನು ರಿಪೇರಿ ಮಾಡಿಸುವವರು ಶೋರೂಮಿನ ಹೊಳಪನ್ನು ಬಯಸುವುದನ್ನು ನಾನು ಬಲ್ಲೆ. ಆದರೆ ಆ ಹೊಳಪಿನಡಿ ವಾಹನ ಯಾರದಾಗಿತ್ತು ಎಂಬುದೇ ಅಳಿಸಿಹೋಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಂಜಿನ್ ಕೆಲಸವನ್ನು ಆ ಕಾರ್ಖಾನೆಯಲ್ಲಿಯೇ ದುಡಿದಿದ್ದ ಮೈಸೂರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಮಾಡಿದರು. ಒಂದೇ ಸಿಲಿಂಡರಿನ, 248.5 ಸಿಸಿಯ ಟೂ ಸ್ಟ್ರೋಕ್ ಎಂಜಿನ್ ಇದು. ಸಿಲಿಂಡರ್ ಒಂದಾದರೂ ಹೊಗೆ ಹೋಗುವ ದಾರಿ ಎರಡು, ಆದ್ದರಿಂದ ಸೈಲೆನ್ಸರ್ ಕೂಡ ಎರಡು. ಪಿಸ್ಟನ್ನಿನ ಮೇಲೆ-ಕೆಳಗಿನ ಚಲನೆಯನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕನ್ನು ಲೇಥ್ ಅಂಗಡಿಯಲ್ಲಿ ಬಿಚ್ಚಿಸಿ, ಕನೆಕ್ಟಿಂಗ್ ರಾಡ್ ಮತ್ತು ಬೇರಿಂಗುಗಳನ್ನು ಬದಲಾಯಿಸಿ, ಸಿಲಿಂಡರಿಗೆ ಬೋರ್ ಹೊಡೆಸಿ (ಒಳಗೋಡೆಯನ್ನು ತುಸು ಕೊರೆದು ಅಗಲಿಸಿ) ಅದಕ್ಕೆ ಹೊಂದುವ ಓವರ್‌ಸೈಜ್ ಪಿಸ್ಟನ್ ಕೂರಿಸಲಾಯಿತು. ಬಿಡಿಭಾಗಗಳಲ್ಲಿ ಹೆಚ್ಚಿನವು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಕೇಬಲ್, ಗ್ಯಾಸ್ಕೆಟ್, ರಬ್ಬರಿನ ಸಾಮಾನುಗಳು ಈಗ ತಯಾರಾಗುವವು ಚೆನ್ನಾಗಿಯೇ ಇವೆ. ಕ್ಲಚ್ ಪ್ಲೇಟುಗಳ ವಿಷಯದಲ್ಲಿ ಮಾತ್ರ ಹಳೆಯದನ್ನು ಜೊತೆಗೆ ಒಯ್ದು, ದಪ್ಪವನ್ನು ಅಳೆದು ನೋಡಿಯೇ ಕೊಳ್ಳಬೇಕು. ನಾನು ಮೊದಲು ತಂದ ಸೆಟ್ಟು ದಪ್ಪ ಕಡಿಮೆಯಾಗಿ ಏರಿನಲ್ಲಿ ಜಾರುತ್ತಿತ್ತು. ಗೇರ್ ಲಿವರನ್ನು ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುವ ವ್ಯವಸ್ಥೆ ಈ ಬೈಕಿನಲ್ಲಿರುವುದರಿಂದ ಪ್ಲೇಟುಗಳ ಸಣ್ಣ ದೋಷವೂ ಗೇರ್ ಬದಲಾಯಿಸುವಾಗ ಕಾಲಿಗೇ ತಿಳಿಯುತ್ತದೆ.

ಮೆಕ್ಯಾನಿಕ್ ಅವರು ಮೊದಲ ಸಾವಿರ ಕಿಲೋಮೀಟರ್ ನಿಧಾನವಾಗಿ ಓಡಿಸಿ ಎಂದು ಎರಡು ಸಲ ಹೇಳಿದ್ದರು. ನಾನು ಮುನ್ನೂರು ಕಿಲೋಮೀಟರ್ ಆಗುವಷ್ಟರಲ್ಲಿ ತಮ್ಮನನ್ನು ಹಿಂದೆ ಕೂರಿಸಿಕೊಂಡು, ಬೇಸಿಗೆಯ ಮಧ್ಯಾಹ್ನ, ಉದ್ದನೆಯ ಏರಿನಲ್ಲಿ ಎಳೆಸಿದೆ. ಪಿಸ್ಟನ್ ಸೀಜ್ ಆಯಿತು, ಅಂದರೆ ಬಿಸಿಗೆ ಉಬ್ಬಿ ಸಿಲಿಂಡರಿನಲ್ಲಿ ಸಿಕ್ಕಿಕೊಂಡಿತು. ಮತ್ತೊಮ್ಮೆ ಬೋರ್, ಮತ್ತೊಂದು ಪಿಸ್ಟನ್, ಹನ್ನೊಂದು ಸಾವಿರ ರೂಪಾಯಿ. ಹಳೆಯ ಟೂ ಸ್ಟ್ರೋಕ್ ಗಾಡಿ ಮಾಡಿಸುವವರು ಆ ಮೊದಲ ಸಾವಿರವನ್ನು ಒಬ್ಬರೇ ಕುಳಿತು, ಬೆಳಗಿನ ತಂಪಿನಲ್ಲಿ ಪೂರೈಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ನನಗೆ ಈಗಲೂ ನೋವು ಕೊಡುವುದು ಬಣ್ಣದ ಕೆಲಸ. ಹಿಂದಿನ ಮಡ್ಗಾರ್ಡಿನ ಎಡಬದಿಯಲ್ಲಿ ಅಂಗೈ ಅಗಲದ ಒಂದು ತಗ್ಗು ಇತ್ತು. ಲಸಿಕೆ ಹಾಕಿಸಿಕೊಳ್ಳಲೊಲ್ಲದ ಎಮ್ಮೆಯೊಂದು ಹಗ್ಗ ಕಿತ್ತುಕೊಂಡು ಬಂದು ನಿಂತಿದ್ದ ಬೈಕಿಗೆ ಕೊಂಬಿನಿಂದ ಹಾಯ್ದ ಗುರುತು ಅದು. ನಾನು ಚಿಕ್ಕವನಾಗಿದ್ದಾಗ ಅಪ್ಪನ ಹಿಂದೆ ಕುಳಿತು ಆ ತಗ್ಗಿನ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದೆ. ಅದನ್ನು ಮುಟ್ಟಬಾರದು ಎಂದು ಪೇಂಟಿಂಗ್ ಅಂಗಡಿಯವರಿಗೆ ಬಾಯಲ್ಲಿ ಹೇಳಿದ್ದೆ, ಬರೆದುಕೊಟ್ಟಿರಲಿಲ್ಲ. ತಿಂಗಳಾದ ಮೇಲೆ ಹೋಗಿ ನೋಡಿದರೆ ತಗಡನ್ನು ತಟ್ಟಿ, ಪುಟ್ಟಿ ಹಾಕಿ, ಉಜ್ಜಿ, ಕನ್ನಡಿಯಂತೆ ಸಮ ಮಾಡಿಟ್ಟಿದ್ದರು. ಅವರ ದೃಷ್ಟಿಯಲ್ಲಿ ಅದು ಒಳ್ಳೆಯ ಕೆಲಸವೇ ಆಗಿತ್ತು, ಹಾಗಾಗಿ ಜಗಳವಾಡಲು ಮನಸ್ಸು ಬರಲಿಲ್ಲ. ಉಳಿಸಿಕೊಳ್ಳಬೇಕಾದ ಪ್ರತಿಯೊಂದು ಗೀರು, ತಗ್ಗುಗಳ ಚಿತ್ರ ತೆಗೆದು, ಪಟ್ಟಿ ಮಾಡಿ, ಅಂಗಡಿಯವರ ಸಹಿ ಹಾಕಿಸಿಕೊಳ್ಳುವುದು ಅತಿಯಾಯಿತೆಂದು ಯಾರಿಗಾದರೂ ಅನ್ನಿಸಬಹುದು. ಹೋದದ್ದು ಮರಳಿ ಬರುವುದಿಲ್ಲವೆಂಬ ಕಾರಣಕ್ಕೆ ನಾನು ಅದನ್ನು ಅಗತ್ಯವೆಂದೇ ಹೇಳುತ್ತೇನೆ. ಕ್ಯಾರಿಯರನ್ನು ಮಾತ್ರ ಆ ಅಂಗಡಿಗೆ ಕೊಟ್ಟಿರಲಿಲ್ಲ. ಲಸಿಕೆಯ ಡಬ್ಬಿ ಉಜ್ಜಿ ಸವೆದ ಅದರ ಕಂಬಿಗಳಿಗೆ ಎಣ್ಣೆ ಸವರಿ, ಇದ್ದಂತೆಯೇ ಮತ್ತೆ ಕೂರಿಸಿದ್ದೇನೆ.

ವಿದ್ಯುತ್ತಿನ ವಿಷಯದಲ್ಲಿ ನನ್ನ ನಿಲುವು ಬದಲಾಯಿತು. ಮೊದಲೆರಡು ವರ್ಷ ಮೂಲದ 6 ವೋಲ್ಟಿನ ಡೈನಮೊವನ್ನೇ ಹಟ ಹಿಡಿದು ಉಳಿಸಿಕೊಂಡಿದ್ದೆ. ಕಿಡಿ ಹೊತ್ತಿಸುವ ಪಾಯಿಂಟುಗಳ ನಡುವೆ 0.4 ಮಿಲಿಮೀಟರ್ ಅಂತರವನ್ನು ಕಾಯ್ದುಕೊಂಡರೆ ಎಂಜಿನ್ ಒಂದೆರಡು ಕಿಕ್ಕಿಗೆ ಚಾಲೂ ಆಗುತ್ತಿತ್ತು, ಆ ಬಗ್ಗೆ ದೂರಿಲ್ಲ. ಆದರೆ ಇಂದಿನ ಹೆದ್ದಾರಿಯ ರಾತ್ರಿಗೆ ಆ ದೀಪ ಸಾಲದು. ಒಂದು ಸಂಜೆ ಎದುರಿನ ಬಸ್ಸಿನ ಬೆಳಕಿನಲ್ಲಿ ರಸ್ತೆಯ ಅಂಚೇ ಕಾಣದಾದಾಗ, ಮನೆಯಲ್ಲಿ ಕಾಯುವವರ ಜೀವಕ್ಕಿಂತ ಮೂಲಸ್ವರೂಪ ದೊಡ್ಡದಲ್ಲ ಎಂದು ಒಪ್ಪಿಕೊಂಡು 12 ವೋಲ್ಟಿಗೆ ಬದಲಾಯಿಸಿದೆ. ಚಾಸಿಗೆ ಎಲ್ಲಿಯೂ ರಂಧ್ರ ಕೊರೆಯದಂತೆ, ಬೇಕಾದಾಗ ಮೊದಲಿನಂತಾಗುವ ಹಾಗೆ ಈ ಬದಲಾವಣೆ ಮಾಡಿಸಿದ್ದೇನೆ. ಹಳೆಯ ಡೈನಮೊ ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟದ ಮೇಲಿದೆ.

ನಿತ್ಯದ ಬಳಕೆಯಲ್ಲಿ ಲೀಟರಿಗೆ ಸುಮಾರು ಮೂವತ್ತು ಕಿಲೋಮೀಟರ್ ಬರುತ್ತಿದೆ. ಮೊದಲು ಬಂಕುಗಳಲ್ಲಿಯೇ ಆಯಿಲ್ ಬೆರೆಸಿದ ಪೆಟ್ರೋಲ್ ಸಿಗುತ್ತಿತ್ತು. ಈಗ ನಾವೇ ಬೆರೆಸಿಕೊಳ್ಳಬೇಕು. ನಾನು ಲೀಟರಿಗೆ 40 ಮಿಲಿಲೀಟರ್ 2ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಹಾಕುತ್ತೇನೆ. ಅಳತೆಗೆ ಅಪ್ಪನದೇ ಬಾಟಲಿ ಇದೆ: ಹಸುಗಳಿಗೆ ಕೊಡುವ ಕ್ಯಾಲ್ಸಿಯಂ ಔಷಧದ ಖಾಲಿ ಬಾಟಲಿಯ ಮೇಲೆ ಅವರು ಅರದಿಂದ ಗೀಚಿದ ಗೆರೆಗಳು ಈಗಲೂ ಸರಿಯಾಗಿವೆ. ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ತೇವವನ್ನು ಹೀರಿಕೊಳ್ಳುವುದರಿಂದ ವಾರಗಟ್ಟಲೆ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ಒಣಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುವುದು ಒಳ್ಳೆಯದು. ಈ ಅಭ್ಯಾಸಕ್ಕೆ ಮೊದಲು ಕಾರ್ಬುರೇಟರಿನೊಳಗೆ ಫ್ಲೋಟಿನ ಬಳಿಯ ವಾಷರ್ ಎರಡು ಬಾರಿ ಉಬ್ಬಿತ್ತು. ವರ್ಷಕ್ಕೊಮ್ಮೆ ಎರಡೂ ಸೈಲೆನ್ಸರುಗಳ ಒಳಕೊಳವೆಗಳನ್ನು ತೆಗೆದು ಮಸಿ ಕೆರೆಯದಿದ್ದರೆ ಬೈಕು ಏರಿನಲ್ಲಿ ಸೋಲುತ್ತದೆ.

ಕಾಗದಪತ್ರಗಳನ್ನು ಕೊನೆಗೆಂದು ಬಿಟ್ಟುಕೊಳ್ಳಬೇಡಿ. ಅಪ್ಪನ ಹೆಸರಿನಿಂದ ನನ್ನ ಹೆಸರಿಗೆ ಆರ್‌ಸಿ ಬರಲು ನಮೂನೆ 31, ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಅಮ್ಮ ಮತ್ತು ತಮ್ಮನ ಒಪ್ಪಿಗೆ ಪತ್ರಗಳನ್ನು ಕೊಡಬೇಕಾಯಿತು. ದ್ವಿಚಕ್ರ ವಾಹನದ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 300 ರೂಪಾಯಿಯಿಂದ 1,000ಕ್ಕೆ ಏರಲಿದ್ದುದರಿಂದ ಮಾರ್ಚ್‌ನಲ್ಲಿಯೇ ಐದು ವರ್ಷಕ್ಕೆ ನವೀಕರಿಸಿಕೊಂಡೆ. ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ಅವಕಾಶವನ್ನು ಕೇಂದ್ರ ಸರ್ಕಾರ 2021ರಲ್ಲಿ ಕಲ್ಪಿಸಿದೆ. ನಮ್ಮ ಬೈಕಿಗೂ ಈ ವರ್ಷ ಐವತ್ತು ತುಂಬುತ್ತದೆ. ಆದರೆ ಆ ನೋಂದಣಿಯ ವಾಹನವನ್ನು ಪ್ರದರ್ಶನ, ರ‍್ಯಾಲಿಯಂತಹ ಸಂದರ್ಭಗಳಿಗಲ್ಲದೆ ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಊರಿಂದೂರಿಗೆ ತಿರುಗಿದ ಬೈಕನ್ನು ಪ್ರದರ್ಶನಕ್ಕೆ ಮೀಸಲಿಡುವುದು ನನಗೆ ಒಪ್ಪಿತವಲ್ಲದ ಕಾರಣ, ಬರುವ ವರ್ಷವೂ ಸಾಮಾನ್ಯ ನವೀಕರಣಕ್ಕೇ ಅರ್ಜಿ ಹಾಕಲಿದ್ದೇನೆ.

ಸೀಜ್ ಆದದ್ದೂ ಸೇರಿ ಒಟ್ಟು ಖರ್ಚು ಒಂದೂಕಾಲು ಲಕ್ಷ ರೂಪಾಯಿ ದಾಟಿತು; ಅದರಲ್ಲಿ ನಾನು ಮತ್ತೆ ಮಾಡಿಸದೆ ಬಿಡುವುದು ಮಡ್ಗಾರ್ಡಿನ ಬಣ್ಣವೊಂದನ್ನೇ. ಎರಡು ತಿಂಗಳಿಂದ ಗೇರ್ ಆಯಿಲ್ ಕಡಿಮೆಯಾಗುತ್ತಿದೆ, ಹೊಗೆಯೂ ಹೆಚ್ಚಿದೆ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಸೋರಿ ಗೇರ್ ಆಯಿಲನ್ನು ಎಂಜಿನ್ ಒಳಕ್ಕೆ ಎಳೆದುಕೊಳ್ಳುತ್ತಿರುವ ಲಕ್ಷಣವಿದು. ಹೊಸ ಸೀಲ್ ತಂದಿಟ್ಟಿದ್ದೇನೆ, ದಸರೆಯ ಆಯುಧಪೂಜೆಗೆ ಮೊದಲು ಎಡಗಡೆಯ ಕವರ್ ಬಿಚ್ಚಬೇಕಾಗಿದೆ.