ಬೆಳೆಯೋ ಮಕ್ಕಳಿಗೆ ಗಾಲ್ಫ್ ಫುಲ್ ಸೆಟ್ ಕೊಡಿಸೋ ಮುಂಚೆ ನಮ್ಮನೆಯ 1,18,000 ರೂಪಾಯಿ ಕಥೆ ಓದಿ

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. ಅವರ ಮಗಳಿಗೆ ಈಗ ಹನ್ನೆರಡು, ಬೇಸಿಗೆ ಶಿಬಿರಕ್ಕೆ ಹೋಗಿ ಗಾಲ್ಫ್ ಹುಚ್ಚು ಹತ್ತಿಸಿಕೊಂಡಿದ್ದಾಳೆ. "ಒಳ್ಳೇ ಸೆಟ್ ಒಂದೇ ಸಲ ಕೊಡಿಸಿಬಿಡ್ತೀನಿ ಕಣೋ, ಯಾವುದು ತಗೊಳ್ಲಿ ಹೇಳು" ಅಂದರು. ಆ "ಒಂದೇ ಸಲ" ಅನ್ನೋ ಮಾತು ಕೇಳಿ ನನಗೆ ಹೊಟ್ಟೆ ತೊಳಸಿದ ಹಾಗಾಯ್ತು. 2018ರಲ್ಲಿ ನಮ್ಮಪ್ಪ ಅಂದಿದ್ದೂ ಅದನ್ನೇ. ಫೋನಲ್ಲಿ ಚಿಕ್ಕಪ್ಪನಿಗೆ ಅರ್ಧಂಬರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿ ಬರೀತಿದ್ದೀನಿ. ಅಂಗಡಿ ಹೆಸರು ಹಾಕಲ್ಲ, ದಯವಿಟ್ಟು ಕೇಳಬೇಡಿ. ಅಂಗಡಿಯವರ ತಪ್ಪು ಎಷ್ಟಿದೆಯೋ ನನ್ನ ತಪ್ಪೂ ಅಷ್ಟೇ ಇದೆ, ಓದ್ತಾ ಹೋದರೆ ಗೊತ್ತಾಗುತ್ತೆ.

ನಮ್ಮದು ಮೈಸೂರು. ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್‌ಕೋರ್ಸಿಗೆ ಹೊಂದಿಕೊಂಡಿರೋ ಮೈದಾನದಲ್ಲಿ ನಾನು ಆಟ ಕಲಿತಿದ್ದು. ಶುರುವಿನಲ್ಲಿ ನನ್ನ ಕೈಯಲ್ಲಿದ್ದದ್ದು ಯಾರೋ ದೊಡ್ಡವರ ಹಳೇ ಏಳನೇ ನಂಬರ್ ಐರನ್ (ಲೋಹದ ತಲೆಯ ಗಾಲ್ಫ್ ಕೋಲು), ತುದಿ ಕತ್ತರಿಸಿ ಮೋಟು ಮಾಡಿದ್ದು. ನಮ್ಮ ಕಡೆ ಬಹಳ ಮಕ್ಕಳು ಹೀಗೇ ಶುರು ಮಾಡ್ತಾರೆ, ಒಂದೆರಡು ತಿಂಗಳಿಗೆ ಅಡ್ಡಿಯಿಲ್ಲ. ಆದರೆ ಶಾಫ್ಟ್, ಅಂದರೆ ಕೋಲಿನ ದಂಡ, ಕತ್ತರಿಸಿದಷ್ಟೂ ಇನ್ನೂ ಗಟ್ಟಿಯಾಗುತ್ತೆ, ಬಾಗಲ್ಲ. ಬಾಲಿಗೆ ತಗಲೋ ತಲೆಯ ತೂಕ ದೊಡ್ಡವರದ್ದೇ ಉಳಿಯುತ್ತೆ. ಉದ್ದ ಮಾತ್ರ ಮಕ್ಕಳದ್ದು. ಆಮೇಲೆ ಒಬ್ಬ ಸೀನಿಯರ್ ಹುಡುಗ ತನಗೆ ಚಿಕ್ಕದಾದ ಜೂನಿಯರ್ ಸೆಟ್ಟನ್ನ 6,000ಕ್ಕೆ ಕೊಟ್ಟ. ಏಳೇ ಕ್ಲಬ್, ಅಂದರೆ ಕೋಲು. ಹಗುರವಾದ ಗ್ರಾಫೈಟ್ ಶಾಫ್ಟ್. ಈಗ ಯೋಚನೆ ಮಾಡಿದರೆ ನನ್ನ ಸ್ವಿಂಗ್ (ಕ್ಲಬ್ ಬೀಸೋ ರೀತಿ) ಅತ್ಯಂತ ಚೆನ್ನಾಗಿದ್ದದ್ದು ಆ ಏಳು ಕ್ಲಬ್ ಕಾಲದಲ್ಲೇ.

ಆದರೆ ನನಗೆ ಆಗ ಹದಿಮೂರು. ಬೆಂಗಳೂರಿನಿಂದ ಟೂರ್ನಮೆಂಟಿಗೆ ಬರೋ ಹುಡುಗರ ಬ್ಯಾಗುಗಳನ್ನ ನೋಡ್ತಿದ್ದೆ. ಹದಿನಾಲ್ಕು ಕ್ಲಬ್ಬು, ಪಳಪಳ ಹೊಳೆಯೋ ಸ್ಟೀಲು, ಡ್ರೈವರಿಗೆ (ಅತಿ ದೂರ ಹೊಡೆಯೋ ಉದ್ದದ ಕ್ಲಬ್) ಟೋಪಿ. ನನ್ನ ಬ್ಯಾಗ್ ಅದರ ಪಕ್ಕ ಸ್ಕೂಲ್ ಬ್ಯಾಗ್ ಥರ ಕಾಣ್ತಿತ್ತು. ಮನೆಯಲ್ಲಿ ರಾಗ ಎಳೆಯೋಕೆ ಶುರು ಮಾಡಿದೆ. ಅಮ್ಮ ಚೀಟಿ ಎತ್ತಿದರು, 80,000. ಅಪ್ಪ ಸ್ಕೂಟರ್ ಬದಲಾಯಿಸೋಕೆ ಅಂತ ಇಟ್ಟಿದ್ದ ದುಡ್ಡು ಸೇರಿಸಿದರು. ಕೋಚ್‌ಗೆ ಒಂದು ಮಾತೂ ಹೇಳದೆ ಭಾನುವಾರ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋದ್ವಿ. ಹೇಳಿದ್ದರೆ ಬೇಡ ಅಂತಾರೆ ಅನ್ನೋದು ನನಗೆ ಗೊತ್ತಿತ್ತು.

ಅಂಗಡಿಯಲ್ಲಿ ಒಂದು ಬಲೆ ಕಟ್ಟಿದ್ದರು. ಹತ್ತು ಬಾಲ್ ಹೊಡೆದೆ. ಬಾಲ್ ಎಲ್ಲಿಗೆ ಹೋಯ್ತು ಅಂತ ಬಲೆಯಲ್ಲಿ ಯಾರಿಗೆ ಗೊತ್ತಾಗುತ್ತೆ? ಸದ್ದು ಚೆನ್ನಾಗಿ ಬಂತು, ಅಷ್ಟೆ. ನನ್ನ ಎತ್ತರ ಅಳೆಯಲಿಲ್ಲ. ನೆಟ್ಟಗೆ ನಿಲ್ಲಿಸಿ ಮಣಿಕಟ್ಟಿನಿಂದ ನೆಲಕ್ಕೆ ಎಷ್ಟಿದೆ ಅಂತ ನೋಡಲಿಲ್ಲ. ಎಷ್ಟು ಜೋರಾಗಿ ಬೀಸ್ತೀಯ ಅಂತ ಅಳೆಯೋ ಮಶೀನು ಮೂಲೆಯಲ್ಲೇ ಇತ್ತು, ಅದನ್ನ ಆನ್ ಮಾಡಲೇ ಇಲ್ಲ. ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಇವನು ಇನ್ನೂ ಬೆಳೀತಾನಲ್ಲ ಸಾರ್, ಚಿಕ್ಕದಾಗಲ್ವಾ?" ಅಂಗಡಿಯವರು ನಕ್ಕು, "ಅದಕ್ಕೇ ಸಾರ್ ಜೂನಿಯರ್ ಸೆಟ್ ಬೇಡ ಅನ್ನೋದು. ದೊಡ್ಡವರ ಸೆಟ್ಟೇ ತಗೊಳ್ಳಿ, ಬೆಳೆದು ಸರಿಹೋಗ್ತಾನೆ. ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಥರ ಆಗಬೇಕು ಅಂದರೆ ಈಗಿಂದಲೇ ಒಳ್ಳೇ ಸಾಮಾನು ಇರಬೇಕು" ಅಂದರು.

ಅಪ್ಪನಿಗೆ ಅದು ತಟ್ಟನೆ ಒಪ್ಪಿಗೆಯಾಯ್ತು. ಯಾಕೆ ಆಗಲ್ಲ? ನಮ್ಮನೆಯಲ್ಲಿ ಯೂನಿಫಾರ್ಮ್ ಹೊಲಿಸೋದೂ ಹಾಗೇ ಅಲ್ವಾ. ಜೂನ್ ತಿಂಗಳಲ್ಲಿ ಪ್ಯಾಂಟು ಎರಡು ಇಂಚು ಉದ್ದ, ಒಳಗೆ ಮಡಿಚಿ ಹೊಲಿಗೆ. ಮುಂದಿನ ವರ್ಷ ಹೊಲಿಗೆ ಬಿಚ್ಚಿದರೆ ಆಯ್ತು. ಶೂ ಕೂಡ ಒಂದು ನಂಬರ್ ದೊಡ್ಡದು, ಮುಂದೆ ಹತ್ತಿ ತುರುಕು. ಆದರೆ ದೊಡ್ಡ ಪ್ಯಾಂಟು ಹಾಕಿಕೊಂಡ ಹುಡುಗನ ಕಾಲು ಸೊಟ್ಟಗಾಗಲ್ಲ. ಉದ್ದದ ಕ್ಲಬ್ ಹಿಡಿದ ಹುಡುಗನ ಸ್ವಿಂಗ್ ಸೊಟ್ಟಗಾಗುತ್ತೆ.

ತಗೊಂಡಿದ್ದು ಏನು ಅಂತ ಬರೀತೀನಿ, ಅಂಗಡಿಯಲ್ಲಿ ಇದೇ ಪದಗಳು ನಿಮ್ಮ ಕಿವಿಗೂ ಬೀಳುತ್ತವೆ. ಮೂರನೇ ನಂಬರಿನಿಂದ ಪಿಚಿಂಗ್ ವೆಜ್ (ಹತ್ತಿರದಿಂದ ಬಾಲನ್ನ ಎತ್ತರಕ್ಕೆ ಎತ್ತೋ ಕ್ಲಬ್) ತನಕ ಐರನ್‌ಗಳು, ಎಲ್ಲಾ ಸ್ಟಿಫ್, ಅಂದರೆ ಸುಲಭಕ್ಕೆ ಬಾಗದ, ಸ್ಟೀಲ್ ಶಾಫ್ಟು. ಒಂದೊಂದು ಶಾಫ್ಟೇ 120 ಗ್ರಾಂ ಮೇಲೆ. ನನ್ನ ಹಳೇ ಜೂನಿಯರ್ ಶಾಫ್ಟು ಅದರ ಅರ್ಧದಷ್ಟೂ ಇರಲಿಲ್ಲ. ಡ್ರೈವರ್ 9 ಡಿಗ್ರಿ ಲಾಫ್ಟ್ (ಮುಖದ ಓರೆ), ಅದೂ ಸ್ಟಿಫ್. ಡ್ರೈವರನ್ನ ಗಂಟೆಗೆ ಸುಮಾರು 95 ಮೈಲಿ ಮೇಲೆ ಬೀಸೋರಿಗೆ ಸಾಮಾನ್ಯವಾಗಿ ಸ್ಟಿಫ್ ಹೇಳ್ತಾರೆ. ನಾನು ಬೀಸ್ತಿದ್ದದ್ದು 75 ಇದ್ದಿರಬಹುದು. ಜೊತೆಗೆ ಎರಡು ವುಡ್ (ದೂರಕ್ಕೆ ಹೊಡೆಯೋ ದಪ್ಪ ತಲೆಯ ಕ್ಲಬ್), ಎರಡು ವೆಜ್, ಪಟರ್ (ಬಾಲನ್ನ ಗುಳಿಗೆ ಉರುಳಿಸೋ ಕ್ಲಬ್). ಹದಿನಾಲ್ಕೂ ಭರ್ತಿ. ನಿಯಮದ ಪುಸ್ತಕ ಹದಿನಾಲ್ಕಕ್ಕಿಂತ ಹೆಚ್ಚು ಬೇಡ ಅನ್ನುತ್ತೆ, ಹದಿನಾಲ್ಕು ಇರಲೇಬೇಕು ಅಂತ ಎಲ್ಲೂ ಹೇಳಿಲ್ಲ. ಇದನ್ನ ಅವತ್ತು ನಮಗೆ ಹೇಳೋರಿರಲಿಲ್ಲ. ಒಟ್ಟು ಬಿಲ್ 1,18,000.

ಮಂಗಳವಾರ ಕೋಚ್ ಬ್ಯಾಗ್ ನೋಡಿದರು. ಬೈಯಲಿಲ್ಲ. ಏಳನೇ ಐರನ್ ತೆಗೆದು ನನ್ನ ಕೈಗೆ ಕೊಟ್ಟು, ನಿಂತ್ಕೋ ಅಂದರು. ಕ್ಲಬ್ ತಲೆಯ ತಳ ನೆಲಕ್ಕೆ ಪೂರ್ತಿ ಕೂರದೆ ತಲೆಯ ಮುಂತುದಿ ಮೇಲೆದ್ದಿತ್ತು, ಅದರ ಕೆಳಗೆ ಎರಡು ನಾಣ್ಯ ತೂರಿಸಬಹುದಿತ್ತು. "ಬಿಲ್ ಇದೆಯಾ? ವಾಪಸ್ ತಗೋತಾರಾ ಕೇಳು" ಅಂದರು. ಅಪ್ಪ ಫೋನ್ ಮಾಡಿದರು. ಪ್ಲಾಸ್ಟಿಕ್ ಬಿಚ್ಚಿದ ಮೇಲೆ ವಾಪಸ್ ಇಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ನಿಜ ಹೇಳು ಮಗಾ, ಭಾರ ಆಗುತ್ತಾ?"

ಅಮ್ಮ ಸಾರು ಬಡಿಸ್ತಿದ್ದವರು ಸೌಟು ಹಿಡಿದು ಹಾಗೇ ನಿಂತಿದ್ದರು.

"ಇಲ್ಲಪ್ಪ, ಸರಿಯಾಗಿದೆ" ಅಂದೆ.

ನನ್ನ ಪಾಲಿನ ತಪ್ಪು ಅಂದೆನಲ್ಲ, ಇದೇ. ಆಮೇಲೆ ಎರಡು ವರ್ಷ ಆ ಸುಳ್ಳನ್ನ ನಿಜ ಮಾಡೋಕೆ ಒದ್ದಾಡಿದೆ. ಕಡಿಮೆ ದುಡ್ಡಿನ ಕ್ಲಬ್ ಆಗಿದ್ದರೆ "ಸರಿಯಿಲ್ಲ" ಅನ್ನೋಕೆ ಬಾಯಿ ಬರ್ತಿತ್ತು. ಅಷ್ಟು ದುಡ್ಡು ಸುರಿದ ಮೇಲೆ ಮನೆಯಲ್ಲಿ ಯಾರಿಗೂ ಬಾಯಿ ಬರಲ್ಲ.

ಆಟದಲ್ಲಿ ಏನಾಯ್ತು ಅಂದರೆ, ತುದಿ ಎದ್ದಿರೋ ಐರನ್ ಮುಖ ಎಡಕ್ಕೆ ತಿರುಗಿರುತ್ತೆ, ಬಲಗೈ ಆಟಗಾರನ ಬಾಲ್ ಎಡಕ್ಕೆ ಹೋಗುತ್ತೆ. ಡ್ರೈವರ್ ಮಾತ್ರ ಉಲ್ಟಾ. ಅಷ್ಟು ಉದ್ದ, ಅಷ್ಟು ಗಟ್ಟಿ ಶಾಫ್ಟಿನ ತಲೆ ಬಾಲ್ ಹತ್ತಿರ ಬರೋ ಹೊತ್ತಿಗೆ ನನ್ನಿಂದ ತಿರುಗಿಸೋಕೇ ಆಗ್ತಿರಲಿಲ್ಲ, ಹಾಗಾಗಿ ಬಾಲ್ ತಗ್ಗಾಗಿ ಹೊರಟು ಬಲಕ್ಕೆ ಬಾಗಿಕೊಂಡು ಮರಗಳೊಳಗೆ. ಟೀಯಿಂದ, ಅಂದರೆ ಮೊದಲ ಹೊಡೆತಕ್ಕೆ, ಬಲಗಡೆ ಕಾಡು, ಅಲ್ಲಿಂದ ಎಡಗಡೆ ಕಾಡು. ನನ್ನ ಬ್ಯಾಗ್ ಹೊರೋ ಕ್ಯಾಡಿ ಅಣ್ಣ "ಏನಪ್ಪ, ಮೈದಾನದ ಗಡಿ ಅಳೀತಿದ್ದೀಯಾ" ಅಂತ ರೇಗಿಸ್ತಿದ್ದರು. ಐರನ್ ಎಡಕ್ಕೆ ಹೋಗದಿರಲಿ ಅಂತ ಕೈ ಮೇಲೆತ್ತಿ ನೆಟ್ಟಗೆ ನಿಲ್ಲೋದು ಕಲಿತೆ, ಡ್ರೈವರಿಗೆ ಮಣಿಕಟ್ಟು ಬಲವಂತವಾಗಿ ತಿರುಚೋದು ಕಲಿತೆ. ದಿನಾ ನೂರು ಬಾಲ್ ಹೊಡೆದು ಪಕ್ಕಾ ಮಾಡಿಕೊಂಡೆ. ಶ್ರದ್ಧೆಯಿಂದ ತಪ್ಪು ಕಲಿಯೋದು ಅಂದರೆ ಇದೇ ಇರಬೇಕು. ಆ ಮೂರನೇ ನಂಬರ್ ಐರನ್ ಬಗ್ಗೆ ಹೇಳೋದೇ ಬೇಡ. ಎರಡು ವರ್ಷದಲ್ಲಿ ಅದರಿಂದ ಬಾಲ್ ಸರಿಯಾಗಿ ಮೇಲೆದ್ದದ್ದು ನಾಲ್ಕು ಸಲವೋ ಐದು ಸಲವೋ.

2019ರ ದಸರಾ ರಜೆಯಲ್ಲಿ ಎಡ ಮಣಿಕಟ್ಟಿನ ಕಿರುಬೆರಳ ಕಡೆ ನೋವು ಶುರುವಾಯ್ತು. ಬಕೆಟ್ ಎತ್ತೋಕಾಗ್ತಿರಲಿಲ್ಲ. ಡಾಕ್ಟರು ಆರು ವಾರ ಕ್ಲಬ್ ಮುಟ್ಟಬೇಡ ಅಂದರು. ಫಿಸಿಯೋಥೆರಪಿ ಖರ್ಚು ಬೇರೆ. ಆಗಲೇ ಅಪ್ಪನಿಗೆ ಬಾಯಿಬಿಟ್ಟಿದ್ದು. ಅವರು ಏನೂ ಅನ್ನಲಿಲ್ಲ, ಅದಕ್ಕೇ ಹೆಚ್ಚು ಸಂಕಟವಾಯ್ತು.

ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಅಮ್ಮ ಪೆನ್ಸಿಲ್ಲಿನಲ್ಲಿ ಗುರುತು ಹಾಕ್ತಾ ಬಂದಿದ್ದಾರೆ. ಸೆಟ್ ತಗೊಂಡ ತಿಂಗಳು 155 ಸೆಂಟಿಮೀಟರ್. ಮುಂದಿನ ವರ್ಷ ಜೂನಿಗೆ 164. 2020ರ ಆಗಸ್ಟಿಗೆ 173. ಹುಡುಗರು ಜೋರಾಗಿ ಬೆಳೆಯೋ ವರ್ಷದಲ್ಲಿ 8ರಿಂದ 10 ಸೆಂಟಿಮೀಟರ್ ಸಾಮಾನ್ಯ, ಹುಡುಗಿಯರಿಗೆ ಆ ಘಟ್ಟ ಸುಮಾರು ಎರಡು ವರ್ಷ ಮೊದಲೇ ಬರುತ್ತೆ. ಅಂದರೆ ಅಂಗಡಿಯವರು ಹೇಳಿದ್ದು ನಿಜವಾಯ್ತು, ಬೆಳೆದು ಸರಿಹೋದೆ. ಹದಿನೈದು ತುಂಬಿದ ಮೇಲೆ ಆ ಸೆಟ್ ನನ್ನ ಅಳತೆಗೆ ಬಂತು. ಅಷ್ಟು ಹೊತ್ತಿಗೆ ಗ್ರಿಪ್ ಸವೆದಿತ್ತು, ವೆಜ್‌ಗಳ ಗೀರು ಸವೆದಿತ್ತು. ನನ್ನ ಸ್ವಿಂಗ್ ಮಾತ್ರ ಇನ್ನೂ 155 ಸೆಂಟಿಮೀಟರ್ ಹುಡುಗ ಉದ್ದದ ಕ್ಲಬ್ ಹಿಡಿದುಕೊಂಡ ಹಾಗೇ ಇತ್ತು. ಅದನ್ನ ಬಿಡಿಸೋಕೆ ಕೋಚ್ ಒಂದೂವರೆ ವರ್ಷ ತಗೊಂಡರು.

ನಡುವೆ ಇನ್ನೊಂದು ಪೆಟ್ಟು, ಬೇಗ ಹೇಳಿ ಮುಗಿಸ್ತೀನಿ. ಡ್ರೈವರ್ ಸರಿಯಿಲ್ಲ ಅಂತ ಗೊತ್ತಾದ ಮೇಲೆ ವಾಟ್ಸಾಪ್ ಗುಂಪೊಂದರಲ್ಲಿ ಹೊಸ ಮಾಡೆಲ್ ಅರ್ಧ ಬೆಲೆಗೆ ಸಿಕ್ತು, 17,500. ಮುಂಗಡ ಯುಪಿಐ. ಬಂದ ಡ್ರೈವರಿನ ಬಣ್ಣ ಎರಡೇ ವಾರಕ್ಕೆ ಎದ್ದಿತು, ಸದ್ದು ತಗಡು ಬಡಿದ ಹಾಗೆ. ಕ್ಲಬ್ ರಿಪೇರಿ ಮಾಡೋರು ಅಯಸ್ಕಾಂತ ಹಿಡಿದು ತೋರಿಸಿದರು, ತಲೆಗೆ ಗಪ್ಪಂತ ಅಂಟಿತು. ಟೈಟಾನಿಯಂಗೆ ಅಯಸ್ಕಾಂತ ಅಂಟಲ್ಲ. ತೂಕಕ್ಕೆ ಹಾಕಿರೋ ಸ್ಕ್ರೂ ಹತ್ತಿರ ಅಂಟಬಹುದು, ಅದು ಬೇರೆ. ಹಾಗಂತ ಅಂಟಲಿಲ್ಲ ಅಂದ ತಕ್ಷಣ ಅಸಲಿ ಅಂತಲೂ ಅಲ್ಲ, ಅಲ್ಯೂಮಿನಿಯಂಗೂ ಅಂಟಲ್ಲ. ಮಾರಿದವನ ನಂಬರ್ ಅಷ್ಟರಲ್ಲಿ ಸ್ವಿಚ್ ಆಫ್. ಸೆಕೆಂಡ್ ಹ್ಯಾಂಡ್ ತಗೊಳ್ಳೋದು ತಪ್ಪಲ್ಲ, ನಾನು ಈಗ ಆಡ್ತಿರೋದೆಲ್ಲ ಸೆಕೆಂಡ್ ಹ್ಯಾಂಡೇ. ಆದರೆ ಯಾರ ಬ್ಯಾಗಿನಿಂದ ಬಂತು ಅಂತ ಕಣ್ಣಾರೆ ನೋಡಿ, ಹತ್ತು ಬಾಲ್ ಹೊಡೆದು ದುಡ್ಡು ಕೊಡಿ.

ಚಿಕ್ಕಪ್ಪನ ಹತ್ತಿರ ಇರೋದು ಒಟ್ಟು 60,000. ಅದರಲ್ಲಿ ಕ್ಲಬ್ಬಿಗೆ 25,000 ದಾಟಬೇಡಿ ಅಂದಿದ್ದೀನಿ. ನಮ್ಮನೆಯಲ್ಲಿ ಎಲ್ಲಾ ದುಡ್ಡು ಬ್ಯಾಗಿನಲ್ಲೇ ಮುಗಿದುಹೋಗಿ, ಆ ವರ್ಷ ಕೊಯಮತ್ತೂರಿನ ಟೂರ್ನಮೆಂಟಿಗೆ ಹೋಗೋಕೆ ಬಸ್ಸು, ಲಾಡ್ಜು, ಎಂಟ್ರಿ ಫೀಸಿಗೆ ಕಾಸಿರಲಿಲ್ಲ. ಲಕ್ಷದ ಸೆಟ್ ಇಟ್ಟುಕೊಂಡು ಮನೆಯಲ್ಲಿ ಕೂತಿದ್ದೆ. ರೇಂಜಿನಲ್ಲಿ (ಅಭ್ಯಾಸದ ಜಾಗ) ಬಕೆಟ್ ಲೆಕ್ಕದ ಬಾಲಿಗೆ, ಕೋಚಿಂಗಿಗೆ, ಆರು ತಿಂಗಳಿಗೊಮ್ಮೆ ಚಿಕ್ಕದಾಗೋ ಶೂಗೆ, ಹರಿದುಹೋಗೋ ಗ್ಲೌಸಿಗೆ ಮೊದಲು ಎತ್ತಿಡಿ. ಉಳಿದದ್ದರಲ್ಲಿ ಏಳೆಂಟು ಕ್ಲಬ್: ಲಾಫ್ಟ್ ಜಾಸ್ತಿ ಇರೋ ಡ್ರೈವರ್, ಒಂದು ಹೈಬ್ರಿಡ್ (ವುಡ್ಡಿಗೂ ಐರನ್‌ಗೂ ನಡುವಿನದು), ಒಂದು ಬಿಟ್ಟು ಒಂದು ಐರನ್, ಒಂದೋ ಎರಡೋ ವೆಜ್, ಪಟರ್. ಜೂನಿಯರ್ ಸೆಟ್‌ಗಳನ್ನ ವಯಸ್ಸು ನೋಡಿ ತಗೋಬೇಡಿ, ಎತ್ತರ ನೋಡಿ. ಕೆಲವು ಒಳ್ಳೇ ಕಂಪನಿಗಳು ಮಕ್ಕಳ ಎತ್ತರದ ಪ್ರತಿ ಮೂರು ಇಂಚಿಗೊಂದು ಅಳತೆ ಮಾಡಿರುತ್ತವೆ. ಚಿಕ್ಕದಾಗಿದೆ ಅಂತ ಕೊಟ್ಟುಬಿಡೋ ಮನೆಗಳು ಪ್ರತಿ ಗಾಲ್ಫ್ ಮೈದಾನದಲ್ಲೂ ಇರ್ತವೆ, ಕ್ಯಾಡಿಗಳನ್ನ ಕೇಳಿದರೆ ಯಾರು ಅಂತ ಹೇಳ್ತಾರೆ. ಸ್ವಲ್ಪ ಚಿಕ್ಕದಾದಾಗ ಶಾಫ್ಟಿನ ಮೇಲ್ತುದಿಗೆ ಅರ್ಧ ಇಂಚಿನಿಂದ ಒಂದು ಇಂಚು ತನಕ ತುಂಡು ಸೇರಿಸಬಹುದು, ಹೊಸ ಗ್ರಿಪ್ ಸೇರಿ ನಾನು ಕ್ಲಬ್ಬಿಗೆ 700 ಕೊಟ್ಟಿದ್ದೆ. ಅದಕ್ಕಿಂತ ಜಾಸ್ತಿ ಸೇರಿಸಿದರೆ ತಲೆ ಭಾರ ಅನ್ನಿಸೋಕೆ ಶುರುವಾಗುತ್ತೆ, ತುದಿಯೂ ಮತ್ತೆ ಮೇಲೇಳುತ್ತೆ. ಆಗ ಮುಂದಿನ ಅಳತೆಗೆ ಹೋಗೋದೇ ಸರಿ.

ಅಂಗಡಿಯವರು ಅದಿತಿ ಹೆಸರು ಎತ್ತಿದ್ದರಲ್ಲ, ಆಮೇಲೆ ಟೋಕಿಯೋ ಒಲಿಂಪಿಕ್ಸ್ ನೋಡ್ತಾ ನಗು ಬಂತು. ಅಲ್ಲಿ ಆಡಿದವರ ಪೈಕಿ ಅತಿ ಕಡಿಮೆ ದೂರ ಹೊಡೆಯೋರಲ್ಲಿ ಆಕೆ ಒಬ್ಬರು. ಆದರೂ ನಾಲ್ಕನೇ ಸ್ಥಾನದ ತನಕ, ಕಂಚಿಗೆ ಒಂದೇ ಒಂದು ಹೊಡೆತದಷ್ಟು ಹತ್ತಿರ, ಹೋದದ್ದು ಪಟರ್ ಬಲದಿಂದ. ಚಿಕ್ಕಪ್ಪನ ಮಗಳಿಗೆ ಇದನ್ನೇ ಹೇಳಿದೆ, ಡ್ರೈವರ್ ಬಣ್ಣ ನೋಡಬೇಡ, ಬಗ್ಗಿ ನಿಂತಾಗ ಕಣ್ಣು ಬಾಲ್ ಮೇಲೆ ಬರೋ ಅಂಥ ಉದ್ದದ ಪಟರ್ ಹುಡುಕು ಅಂತ. ಅವಳಿಗೆ ಡ್ರೈವರೇ ಬೇಕಂತೆ. ನನ್ನ ತಂಗಿ ಅಲ್ವಾ. ಚಿಕ್ಕಪ್ಪನಿಗೆ ಬೇರೆಯಾಗಿ ಇನ್ನೊಂದು ಮಾತು ಹೇಳಿದ್ದೀನಿ, ಭಾರ ಆಗುತ್ತಾ ಅಂತ ಊಟದ ಹೊತ್ತಿನಲ್ಲಿ, ದುಡ್ಡು ಕೊಟ್ಟವರೆಲ್ಲ ಸುತ್ತ ಕೂತಿರುವಾಗ ಕೇಳಬೇಡಿ, ರೇಂಜಿಗೆ ಹೋಗಿ ಅವಳು ಹೊಡೆಯೋದನ್ನ ಹಿಂದೆ ನಿಂತು ನೋಡಿ.

ನಮ್ಮ ಸೆಟ್ 2021ರಲ್ಲಿ 31,000ಕ್ಕೆ ಹೋಯ್ತು. ಮೂರನೇ ನಂಬರ್ ಐರನ್ ಬೇಡ ಅಂತ ತಗೊಂಡವನು ಬಿಟ್ಟು ಹೋದ. ಅದು ಹಿತ್ತಿಲ ಬಾಗಿಲ ಹಿಂದೆ ಇದೆ, ಅಮ್ಮ ನುಗ್ಗೆಕಾಯಿ ಕೊಂಬೆ ಎಳೆಯೋಕೆ ಇಟ್ಟುಕೊಂಡಿದ್ದಾರೆ. ಉದ್ದ ಸರಿಯಾಗಿದೆಯಂತೆ.