ವಿಪಿಎನ್ ಮುಚ್ಚಿದ ಮೇಲೆ ಡಿಎನ್‌ಎಸ್: ಓಪನ್‌ರಿಸಾಲ್ವ್ ಬೇಕಾ, ಸಿಸ್ಟಂಡಿ-ರಿಸಾಲ್ವ್‌ಡಿ ಬೇಕಾ?

ಲಿನಕ್ಸ್‌ನಲ್ಲಿ ಓಪನ್‌ವಿಪಿಎನ್ ಮುಚ್ಚಿದ್ದೀರಿ, ವೈಫೈ ಇದೆ, ಆದರೂ ಒಂದು ಸೈಟೂ ತೆರೆಯುತ್ತಿಲ್ಲ. ವಿಪಿಎನ್‌ನ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ವಿಳಾಸ ಹಾಗೇ ಉಳಿದಿರಬಹುದು. ಈ ವಿಳಾಸಗಳನ್ನು ನಿಭಾಯಿಸುವ ಎರಡು ಪ್ರೋಗ್ರಾಂಗಳೇ ಓಪನ್‌ರಿಸಾಲ್ವ್ ಮತ್ತು ಸಿಸ್ಟಂಡಿ-ರಿಸಾಲ್ವ್‌ಡಿ.

ಓಪನ್‌ರಿಸಾಲ್ವ್‌ನಲ್ಲಿ ಅದನ್ನು ತೆಗೆಯುವುದು ಓಪನ್‌ವಿಪಿಎನ್ ಮುಚ್ಚುವಾಗ ಓಡುವ ಡೌನ್ ಸ್ಕ್ರಿಪ್ಟ್‌ನ ಕೆಲಸ. ಅದು 'ರಿಸಾಲ್ವ್‌ಕಾನ್ಫ್ -ಡಿ ಟನ್0' ಓಡಿಸಬೇಕು (ಟನ್0 ಅಂದರೆ ವಿಪಿಎನ್‌ನ ನೆಟ್‌ವರ್ಕ್ ಇಂಟರ್‌ಫೇಸ್). ತೊಡಕು ಇಲ್ಲೇ. ಭದ್ರತೆಗೆಂದು ಕಾನ್ಫಿಗ್‌ನಲ್ಲಿ 'ಯೂಸರ್ ನೋಬಡಿ' (ಓಪನ್‌ವಿಪಿಎನ್ ಅನ್ನು ಅಧಿಕಾರವಿಲ್ಲದ ಬಳಕೆದಾರನಾಗಿ ಓಡಿಸುವ ಸಾಲು) ಹಾಕಿದ್ದರೆ ಮುಚ್ಚುವ ಹೊತ್ತಿಗೆ ರೂಟ್ (ನಿರ್ವಾಹಕ) ಅಧಿಕಾರ ಇರುವುದಿಲ್ಲ, ಸ್ಕ್ರಿಪ್ಟ್ ಕೈಕೊಡುತ್ತದೆ. ಆ ಸ್ಕ್ರಿಪ್ಟನ್ನು ರೂಟ್ ಆಗಿಯೇ ಓಡಿಸುವ ಡೌನ್-ರೂಟ್ ಪ್ಲಗಿನ್ ಸೇರಿಸಿಕೊಳ್ಳಿ. ಓಪನ್‌ವಿಪಿಎನ್ ಕ್ರ್ಯಾಶ್ ಆದರೆ ಸ್ಕ್ರಿಪ್ಟ್ ಓಡದೆಯೇ ಹೋಗಬಹುದು.

ಸಿಸ್ಟಂಡಿ-ರಿಸಾಲ್ವ್‌ಡಿ ಡಿಎನ್‌ಎಸ್ಸನ್ನು ಇಂಟರ್‌ಫೇಸ್‌ಗೇ ಕಟ್ಟಿಡುತ್ತದೆ. ಟನ್0 ಹೋದರೆ ಅದರ ಡಿಎನ್‌ಎಸ್ಸೂ ಹೋಯಿತು, ಅಷ್ಟೇ. ನನಗೆ ಇದೇ ಜಾಸ್ತಿ ಇಷ್ಟ. ಆದರೆ ರಿಸಾಲ್ವ್.ಕಾನ್ಫ್ ಫೈಲಿನಲ್ಲಿ ರಿಸಾಲ್ವ್‌ಡಿಯ ಸ್ಥಳೀಯ ವಿಳಾಸ 127.0.0.53 ಇದೆಯಾ ನೋಡಿಕೊಳ್ಳಿ.

ಉಬುಂಟು, ಫೆಡೋರಾ ಇದ್ದರೆ ಇದನ್ನೇ ಇಟ್ಟುಕೊಳ್ಳಿ. ಸಿಸ್ಟಂಡಿ ಇಲ್ಲದ ಆಲ್ಪೈನ್‌ನಲ್ಲಿ ಓಪನ್‌ರಿಸಾಲ್ವ್ ಸರಿ.